ವಾಯಿದೆ ಎಲ್ಲಿಂದ ಎಣಿಸಬೇಕು?

ಕೇಳಿದಾಗ ತೀರಿಸುತ್ತೇನೆಂದು ಬರೆದುಕೊಟ್ಟ ಪ್ರೋನೋಟಿಗೆ 3 ವರ್ಷ ಆಯುಸ್ಸು. ಸಾಲಗಾರ ‘ಕೊಡೋದಿಲ್ಲ, ಏನು ಮಾಡ್ಕೋತೀಯೋ ಮಾಡ್ಕೋ’ ಎಂದ ದಿನದಿಂದ ಈ 3 ವರ್ಷ ಎಣಿಸಬೇಕು ಎಂದು ಎಷ್ಟೋ ಜನ ನಂಬಿದ್ದಾರೆ. ಕಾಯ್ದೆಯ ಲೆಕ್ಕ ಬೇರೆ. ಪತ್ರದ ಮೇಲಿನ ತಾರೀಖಿನಿಂದಲೇ ಎಣಿಕೆ ಶುರು. ನೆಂಟಸ್ತಿಕೆ ಕೆಟ್ಟೀತೆಂದು ಎರಡು ಸುಗ್ಗಿ ಸುಮ್ಮನಿದ್ದು, ಮೂರನೆಯದಕ್ಕೆ ಬಾಯಿಬಿಟ್ಟು ಕೇಳಿ, ‘ಮಗಳ ಮದುವೆ ಮುಗೀಲಿ’ ಎಂಬ ಮಾತಿಗೆ ಇನ್ನಷ್ಟು ದಿನ ಕಾದು, ಕಡೆಗೆ ವಕೀಲರ ಬಳಿಗೆ ಹೋದರೆ ಅವರು ಮೊದಲು ನೋಡುವುದು ಸಾಲದ ಮೊತ್ತವನ್ನಲ್ಲ, ತಾರೀಖನ್ನು. ದಾಕ್ಷಿಣ್ಯಕ್ಕೆ ಬಿದ್ದವನಿಗೇ ಇಲ್ಲಿ ನಷ್ಟ.

ಈ ಲೆಕ್ಕವನ್ನೆಲ್ಲ ನಮ್ಮಲ್ಲಿ ಇಟ್ಟಿರುವುದು 1963ರ ಕಾಲಮಿತಿ ಕಾಯ್ದೆ. 1964ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಕಲಮುಗಳು ಮೂವತ್ತರ ಆಸುಪಾಸು. ಅವುಗಳ ಹಿಂದೆ 137 ಬಾಬುಗಳ ಒಂದು ಅನುಸೂಚಿ. ಮಾನನಷ್ಟದ ದಾವೆಗೆ 1 ವರ್ಷ, ಕೈಸಾಲಕ್ಕೆ 3, ಕ್ರಯದ ಕರಾರನ್ನು ಜಾರಿ ಮಾಡಿಸಿಕೊಳ್ಳಲು 3, ಕಳೆದುಕೊಂಡ ಜಮೀನಿನ ಸ್ವಾಧೀನಕ್ಕೆ 12, ಡಿಕ್ರಿಯ ಅಮಲ್ಜಾರಿಗೆ 12, ಅಡಮಾನ ಬಿಡಿಸಿಕೊಳ್ಳಲು 30. ಅನುಸೂಚಿಯಲ್ಲಿ ಮೂರು ಕಾಲಂಗಳಿವೆ: ದಾವೆ ಯಾವುದು, ಅವಧಿ ಎಷ್ಟು, ಎಣಿಕೆ ಯಾವಾಗಿನಿಂದ. ಕಕ್ಷಿದಾರರ ಕಣ್ಣು ನಡುವಿನ ಕಾಲಂ ಮೇಲಿರುತ್ತದೆ. ವ್ಯಾಜ್ಯ ನಡೆಯುವುದು ಹೆಚ್ಚಾಗಿ ಮೂರನೆಯದರ ಮೇಲೆ. ನ್ಯಾಯ ಸಿಗುವುದೂ ತಪ್ಪುವುದೂ ಆ ಮೂರನೆಯ ಕಾಲಂನಲ್ಲೇ ಎಂಬುದು ನನ್ನ ಎಣಿಕೆ; ಮುಂದಿನ ಮಾತುಗಳನ್ನು ಅದೇ ದೃಷ್ಟಿಯಿಂದ ಓದಬಹುದು.

ಮೊದಲು ಒಂದು ಗೊಂದಲ ಬಿಡಿಸಬೇಕು. ವಾಯಿದೆ ಮುಗಿದರೆ ಸಾಲವೇ ಇಲ್ಲವಾಯಿತೇ? ಇಲ್ಲ. ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ, ಸಾಲ ಹಾಗೇ ಉಳಿಯುತ್ತದೆ. ಸುಪ್ರೀಂ ಕೋರ್ಟ್ 1958ರಿಂದಲೂ ಈ ಮಾತನ್ನು ಹೇಳುತ್ತ ಬಂದಿದೆ. ಪ್ರತಿವಾದಿ ತಕರಾರು ಎತ್ತದಿದ್ದರೂ ವಾಯಿದೆ ಮೀರಿದ ದಾವೆಯನ್ನು ನ್ಯಾಯಾಧೀಶರೇ ವಜಾ ಮಾಡಬೇಕು. 3ನೇ ಕಲಮು ಅಷ್ಟು ಕಟ್ಟುನಿಟ್ಟು. ಆದರೆ ವಾಯಿದೆ ಮುಗಿದ ಮೇಲೆ ಸಾಲಗಾರ ತಾನಾಗಿ ದುಡ್ಡು ಕೊಟ್ಟರೆ, ಆಮೇಲೆ ಅದು ಸತ್ತ ಸಾಲವಾಗಿತ್ತೆಂದು ವಾಪಸ್ಸು ಕೇಳುವಂತಿಲ್ಲ. ಹಳೆಯ ಬಾಕಿ ತೀರಿಸುತ್ತೇನೆಂದು ಹೊಸದಾಗಿ ಬರೆದು ರುಜು ಹಾಕಿದರೆ, ಬೇರೆ ಪ್ರತಿಫಲವಿಲ್ಲದಿದ್ದರೂ 1872ರ ಕರಾರು ಕಾಯ್ದೆಯ 25ನೇ ಕಲಮಿನಂತೆ ಆ ಮಾತು ಊರ್ಜಿತ. ಒಬ್ಬನೇ ಸಾಲಗಾರನಿಗೆ ಎರಡು ಮೂರು ಬಾಕಿಗಳಿದ್ದು, ಯಾವುದಕ್ಕೆಂದು ಹೇಳದೆ ಅವನು ಹಣ ಕಟ್ಟಿದರೆ, ಸಾಲಿಗ ಅದನ್ನು ವಾಯಿದೆ ಮುಗಿದ ಬಾಕಿಗೇ ಜಮಾ ಮಾಡಿಕೊಳ್ಳಬಹುದು. ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಇನ್ನೂ ಮುಂದೆ ಹೋಯಿತು: ಮಾಲೀಕ ವಸೂಲು ಮಾಡಲಾಗದಷ್ಟು ಹಳೆಯ ಬಾಡಿಗೆಯೇ ಆದರೂ, ತೆರವಿನಿಂದ ರಕ್ಷಣೆ ಬೇಕಾದ ಬಾಡಿಗೆದಾರ ಅದನ್ನೂ ಸೇರಿಸಿಯೇ ಕಟ್ಟಬೇಕು ಎಂದಿತು.

ಹಳ್ಳಿಯ ಲೇವಾದೇವಿಯವರಿಗೆ ಇದೆಲ್ಲ ಕಲಮುಗಳ ಹೆಸರಿಲ್ಲದೆಯೇ ಗೊತ್ತು. ವಾಯಿದೆ ಮುಗಿಯಲು ತಿಂಗಳೊಪ್ಪತ್ತು ಇರುವಾಗ ಸಾಲಗಾರನನ್ನು ಕರೆಸಿ, ನೂರೋ ಇನ್ನೂರೋ ಕಟ್ಟಿಸಿಕೊಂಡು, ಪತ್ರದ ಹಿಂಬದಿಯಲ್ಲಿ ಬರೆಸಿ ರುಜು ಪಡೆದರೆ ಅಂದಿನಿಂದ ಮತ್ತೆ 3 ವರ್ಷ. ಬಾಕಿ ಇದೆಯೆಂದು ಬರೆದು ಒಪ್ಪಿಕೊಂಡರೂ ಅಷ್ಟೇ ಫಲ. ಕಾಯ್ದೆಯ 18 ಮತ್ತು 19ನೇ ಕಲಮುಗಳ ವ್ಯವಸ್ಥೆ ಇದು. ಬ್ಯಾಂಕುಗಳು ಮೂರು ವರ್ಷದೊಳಗೆ ತಪ್ಪದೆ ಮುಂದಿಡುವ ಸಾಲ ಒಪ್ಪಿಗೆ ಪತ್ರದ ಗುಟ್ಟೂ ಇದೇ. ಹಿಂಬರಹ ವಾಯಿದೆಯೊಳಗೆ ಬಿದ್ದಿರಬೇಕು ಎನ್ನುವುದೊಂದೇ ಕಟ್ಟು. ಅದಕ್ಕಾಗಿಯೇ ಹಿಂಬರಹದ ತಾರೀಖು ನಿಜವೇ ಸುಳ್ಳೇ ಎಂಬ ಜಗಳ ಸಿವಿಲ್ ಕೋರ್ಟುಗಳಿಗೆ ಹೊಸತಲ್ಲ. ವಸೂಲಿಗೆ ಅಡ್ಡದಾರಿ ಹುಡುಕುವ ಪ್ರಯತ್ನಗಳೂ ಆದವು. ವಾಯಿದೆ ಮುಗಿದ ಸಾಲವನ್ನು ಕಂದಾಯ ಬಾಕಿಯೆಂದು ವಸೂಲು ಮಾಡುವಂತಿಲ್ಲ ಎಂದು ಕೇರಳದ ಮೊಕದ್ದಮೆಯೊಂದರಲ್ಲಿ 1999ರಲ್ಲಿ ತೀರ್ಮಾನವಾಯಿತು. ದಿವಾಳಿ ಸಂಹಿತೆಯ ದಾರಿಯಲ್ಲಿ ಹಳೆಯ ಬಾಕಿಗಳು ನುಸುಳಬಾರದೆಂದು 2018ರಲ್ಲಿ ಅಲ್ಲಿಗೂ ಕಾಲಮಿತಿಯನ್ನು ತಿದ್ದುಪಡಿ ಮೂಲಕ ತಂದರು.

ಸಾಲದ ಮಾತು ಹೀಗಾದರೆ ಜಮೀನಿನದು ಬೇರೆಯೇ. 27ನೇ ಕಲಮಿನ ಪ್ರಕಾರ, ಸ್ವಾಧೀನಕ್ಕೆ ದಾವೆ ಹೂಡುವ ಅವಧಿ ಮುಗಿದರೆ ಮಾಲೀಕನ ಹಕ್ಕೇ ಅಳಿಯುತ್ತದೆ. ಇನ್ನೊಬ್ಬ ನಿಮ್ಮ ಹೊಲವನ್ನು ಬಹಿರಂಗವಾಗಿ, ತನ್ನದೆಂದೇ, ನಿಮ್ಮ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಅನುಭವಿಸಿದ, ನೀವು ಸುಮ್ಮನಿದ್ದಿರಿ ಎಂದಾದರೆ ಹೊಲ ಅವನದು. ಇದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಇಂಗ್ಲಿಷರ ಆಮದು ಎಂದು ಇದನ್ನು ಬಯ್ಯುವವರಿದ್ದಾರೆ, ಆದರೆ ಪ್ರಶ್ನೆ ಅವರಿಗಿಂತ ಹಳೆಯದು. ರೋಮಿನ ಹನ್ನೆರಡು ಫಲಕಗಳ ಕಾನೂನಿನಲ್ಲಿ ಭೂಮಿಗೆ 2 ವರ್ಷದ ಅನುಭೋಗವೇ ಸಾಕಿತ್ತು. ಮಾಲೀಕ ಕಣ್ಣಾರೆ ಕಂಡೂ ಮಾತಾಡದಿದ್ದರೆ ಭೂಮಿಗೆ 20 ವರ್ಷ, ಚರವಸ್ತುವಿಗೆ 10 ವರ್ಷ ಎಂದು ಯಾಜ್ಞವಲ್ಕ್ಯ ಸ್ಮೃತಿ ಗೆರೆ ಎಳೆಯಿತು. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಸುಮ್ಮನಿದ್ದ ಮಾತ್ರಕ್ಕೆ ಒಡೆತನವೇ ಹೋಗುತ್ತದೆ ಎಂಬುದನ್ನು ಅವನು ಒಪ್ಪಲಿಲ್ಲ. ಹೋಗುವುದು ಅಷ್ಟು ವರ್ಷದ ಫಲ, ಅಂದರೆ ಬೆಳೆ ಮತ್ತು ಆದಾಯ ಮಾತ್ರ, ಭೂಮಿ ಮಾಲೀಕನದೇ ಎಂದು ಅರ್ಥ ಹಚ್ಚಿದ. ಇಂದಿನ 27ನೇ ಕಲಮಿಗೆ ಅವನ ಪಾಠ ನೇರ ಎದುರು ನಿಲ್ಲುತ್ತದೆ. ನನಗಂತೂ ಅವನ ದಾರಿ ಹೆಚ್ಚು ಹದವಾಗಿ ಕಾಣುತ್ತದೆ.

ನಮ್ಮ ನ್ಯಾಯಾಲಯಗಳಿಗೂ ಈ ವಿಷಯದಲ್ಲಿ ಒಂದೇ ಮನಸ್ಸಿಲ್ಲ. ಕರ್ನಾಟಕ ವಕ್ಫ್ ಮಂಡಳಿಯ 2004ರ ಪ್ರಕರಣದಲ್ಲಿ, ಪ್ರತಿಕೂಲ ಸ್ವಾಧೀನ ಹೇಳುವವನು ಯಾವ ತಾರೀಖಿಗೆ ಒಳಬಂದೆ, ಹೇಗೆ ಬಂದೆ, ಮಾಲೀಕನಿಗೆ ಅದು ಗೊತ್ತಿತ್ತೇ ಎಂಬುದನ್ನೆಲ್ಲ ಖಚಿತವಾಗಿ ಹೇಳಿ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2008ರಲ್ಲಿ ಈ ಕಾನೂನೇ ತರ್ಕಹೀನ ಎಂದು ಅದೇ ಕೋರ್ಟು ಕಟುವಾಗಿ ಬರೆದು, ಮರುವಿಮರ್ಶೆ ಮಾಡುವಂತೆ ಕೇಂದ್ರಕ್ಕೆ ಸೂಚಿಸಿತು. 2019ರಲ್ಲಿ ಬೇರೆ ಪೀಠವೊಂದು, ಹೀಗೆ ಹಕ್ಕು ಪಡೆದವನು ಅದನ್ನು ರಕ್ಷಣೆಗಷ್ಟೇ ಅಲ್ಲ, ತಾನೇ ವಾದಿಯಾಗಿ ದಾವೆ ಹೂಡಲೂ ಬಳಸಬಹುದು ಎಂದು ಬಲ ತುಂಬಿತು. 2023ರಲ್ಲಿ ಬಂದ ಕಾನೂನು ಆಯೋಗದ 280ನೇ ವರದಿ ಏನನ್ನೂ ಬದಲಿಸಬೇಕಿಲ್ಲ ಎಂದು ಕಡತ ಮುಚ್ಚಿತು. ಇಷ್ಟು ವರ್ಷದ ಜಿಜ್ಞಾಸೆಗೆ ಅದು ತೀರಾ ಸಪ್ಪೆ ಉತ್ತರ.

ಸರ್ಕಾರ ಮಾಲೀಕನಾದರೆ 12 ವರ್ಷವಲ್ಲ, 30 ವರ್ಷ. 1908ರ ಹಳೆಯ ಕಾಯ್ದೆಯಲ್ಲಿ ಅದು 60 ಇತ್ತು. ಸರ್ಕಾರಿ ಜಮೀನು ಉಳುವ ಬಗರ್‌ಹುಕುಂ ಸಾಗುವಳಿದಾರರಲ್ಲಿ ಎಷ್ಟೋ ಮಂದಿಯದು 30 ವರ್ಷ ಮೀರಿದ ಅನುಭೋಗ. ಆದರೂ ಅವರು ಹಿಡಿಯುವುದು ಕೋರ್ಟಿನ ದಾರಿಯನ್ನಲ್ಲ, ಮಂಜೂರಾತಿ ಅರ್ಜಿಗಳಾದ ಫಾರಂ 50, 53, 57ರ ದಾರಿಯನ್ನು. ಜಮೀನು ಮಂಜೂರು ಮಾಡಿ ಎಂದು ಅರ್ಜಿ ಕೊಟ್ಟ ಗಳಿಗೆಯಲ್ಲೇ ಅದು ಸರ್ಕಾರದ್ದೆಂದು ಒಪ್ಪಿದಂತಾಗುತ್ತದೆ. ‘ನನ್ನದೆಂದೇ ಉಳುತ್ತಿದ್ದೆ’ ಎಂಬ ವಾದ ಅಲ್ಲಿಗೆ ನೆಲಕಚ್ಚುತ್ತದೆ. ಇನ್ನು ಸರ್ಕಾರವೇ ಪ್ರಜೆಯ ಜಮೀನಿನಲ್ಲಿ ಕೂತರೆ? ಹಿಮಾಚಲ ಪ್ರದೇಶದಲ್ಲಿ 1967ರಲ್ಲಿ ಓದುಬರಹ ಬಾರದ ವಿಧವೆಯೊಬ್ಬರ ಭೂಮಿಯನ್ನು ಪರಿಹಾರ ಕೊಡದೆ ರಸ್ತೆಗೆ ತೆಗೆದುಕೊಂಡರು. ಆಕೆ ಹೈಕೋರ್ಟಿಗೆ ಬಂದದ್ದು 2010ರಲ್ಲಿ. ತಡವಾಯಿತು, ಜಮೀನು ಪ್ರತಿಕೂಲ ಸ್ವಾಧೀನದಿಂದ ನಮ್ಮದಾಯಿತು ಎಂದು ಸರ್ಕಾರ ವಾದಿಸಿತು. ಕಲ್ಯಾಣ ರಾಜ್ಯ ತನ್ನದೇ ಪ್ರಜೆಯ ಎದುರು ಇಂಥ ವಾದ ಹೂಡಲಾಗದು ಎಂದು ಹೇಳಿ ಸುಪ್ರೀಂ ಕೋರ್ಟ್ 2020ರಲ್ಲಿ ಪರಿಹಾರ ಕೊಡಿಸಿತು. ರಿಟ್ ಅರ್ಜಿಗೆ ಇಂತಿಷ್ಟೇ ವರ್ಷವೆಂಬ ಗೆರೆ ಇಲ್ಲದ್ದರಿಂದ ಇದು ಸಾಧ್ಯವಾಯಿತು. ಸಿವಿಲ್ ದಾವೆಯಾಗಿದ್ದರೆ ಆಕೆಯ ಕಾಗದ ಆಫೀಸಿನ ಮೇಜು ದಾಟುವುದೂ ಕಷ್ಟವಿತ್ತು.

ಕಾಲಮಿತಿ ಏಕೆ ಬೇಕು ಎಂಬುದಕ್ಕೆ ಹಳೆಯ ಸಮರ್ಥನೆಗಳು ಎಲ್ಲರಿಗೂ ತಿಳಿದವೇ. ಸಾಕ್ಷಿಗಳು ಸಾಯುತ್ತಾರೆ, ರಸೀದಿಗಳನ್ನು ಗೆದ್ದಲು ತಿನ್ನುತ್ತದೆ, ಜಗಳಕ್ಕೆ ಎಂದಾದರೂ ಕೊನೆ ಬೇಕು. 1275ರಲ್ಲಿ ಇಂಗ್ಲೆಂಡ್ ಕೆಲವು ಭೂವ್ಯಾಜ್ಯಗಳಿಗೆ 1189ಕ್ಕಿಂತ ಹಿಂದಿನದನ್ನು ಕೆದಕುವಂತಿಲ್ಲ ಎಂದು ಒಂದು ಇಸವಿಯನ್ನೇ ಗೂಟವಾಗಿ ನೆಟ್ಟಿತ್ತು. ವರ್ಷಗಳು ಉರುಳಿದಂತೆ ಆ ಗೂಟ ದೂರವಾಯಿತು, ಅವಧಿ ನೂರಾರು ವರ್ಷಕ್ಕೆ ಹಿಗ್ಗಿತು. 1623ರ ಶಾಸನದ ಹೊತ್ತಿಗೆ, ಇಂತಿಷ್ಟು ವರ್ಷ ಎಂದು ಎಣಿಸುವ ಪದ್ಧತಿ ನೆಲೆಯಾಯಿತು. ಭಾರತಕ್ಕೆ ಮೊದಲ ಸಮಗ್ರ ಕಾಯ್ದೆ 1859ರಲ್ಲಿ ಬಂತು. 1871, 1877, 1908ರಲ್ಲಿ ಹೊಸ ಹೊಸ ರೂಪ ಪಡೆಯಿತು. ಹಳೆಯ ಹಿಂದೂ ನ್ಯಾಯಪದ್ಧತಿಯಲ್ಲಿ ಸಾಲಕ್ಕೆ ಸಾಮಾನ್ಯವಾಗಿ ವಾಯಿದೆಯಿರಲಿಲ್ಲ. ಅಪ್ಪನ ಸಾಲ ಮಗನ ಕೊರಳಿಗೆ ಬೀಳುತ್ತಿತ್ತು. ಅದರ ಬದಲಿಗೆ ದಾಮದುಪಟ್ಟು ಇತ್ತು: ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಕಾಲಕ್ಕೆ ಕಡಿವಾಣವಿಲ್ಲ, ಬಡ್ಡಿಗೆ ಇದೆ. ಸಾಲಗಾರನಿಗೆ ಇದರಲ್ಲಿ ಯಾವುದು ವಾಸಿ ಎಂಬುದು ಅವನ ಸಾಲಿಗ ಎಂಥವನು ಎಂಬುದರ ಮೇಲೆ ನಿಂತ ಮಾತು.

ಅವಧಿ ಎಷ್ಟಿದ್ದರೂ ಎಣಿಕೆಯ ಮೊದಲ ದಿನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಉಕ್ಕಿನ ಕಾರ್ಖಾನೆಯೊಂದರ ಕಾರ್ಮಿಕರ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎರಕದ ತುಂಡುಗಳನ್ನು ಉಜ್ಜಿ ನಯಗೊಳಿಸುವ ಕೆಲಸ. ವರ್ಷಗಟ್ಟಲೆ ಸಿಲಿಕಾ ದೂಳು ಕುಡಿದು ಅವರ ಶ್ವಾಸಕೋಶ ಗಟ್ಟಿಯಾಗಿತ್ತು. ಆದರೆ ಈ ರೋಗ ಒಳಗೇ ಬೆಳೆಯುತ್ತದೆ, ಉಸಿರು ಕಟ್ಟುವವರೆಗೆ ರೋಗಿಗೇ ತಿಳಿಯುವುದಿಲ್ಲ. ಅವರು ಕೋರ್ಟಿಗೆ ಬಂದಾಗ, ಶ್ವಾಸಕೋಶಕ್ಕೆ ಗಾಯವಾದ ದಿನದಿಂದಲೇ ಎಣಿಕೆ ಶುರುವಾಗಿತ್ತು, ಗೊತ್ತಾದ ದಿನದಿಂದಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1963ರಲ್ಲಿ ತೀರ್ಪಿತ್ತಿತು. ಇದು ಅನ್ಯಾಯವೆಂದು ನ್ಯಾಯಮೂರ್ತಿಗಳೇ ಒಪ್ಪಿದರು. ಕಾನೂನಿನ ಮಾತು ಅವರ ಕೈ ಕಟ್ಟಿತ್ತು. ಕಾಯಿಲೆ ಇದೆಯೆಂದು ತಿಳಿಯುವ ಮೊದಲೇ ದೂರು ಕೊಡುವ ಕಾಲ ಮುಗಿದಿತ್ತು! ಬ್ರಿಟಿಷ್ ಸಂಸತ್ತು ಅದೇ ವರ್ಷ ಹೊಸ ಕಾಯ್ದೆ ತಂದು, ಇಂಥ ಪ್ರಕರಣಗಳಲ್ಲಿ ಗೊತ್ತಾದ ದಿನಕ್ಕೆ ಬೆಲೆ ಕೊಟ್ಟಿತು.

ನಮ್ಮ ಸಂಸತ್ತು ಕಾಲಮಿತಿ ಕಾಯ್ದೆಯನ್ನು ಅಂಗೀಕರಿಸಿದ್ದೂ 1963ರಲ್ಲೇ. ಶೆಫೀಲ್ಡಿನ ಪಾಠ ಅದರೊಳಗೆ ಬರಲಿಲ್ಲ. ಮೋಸವೋ ತಪ್ಪು ತಿಳಿವಳಿಕೆಯೋ ಇದ್ದರೆ ಅದು ಬಯಲಾದ ದಿನದಿಂದ ಎಣಿಸಿ ಎನ್ನುತ್ತದೆ 17ನೇ ಕಲಮು. ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟರೆ, ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷ. ಪಾಲಕನು ಮಗುವಿನ ಆಸ್ತಿ ಮಾರಿದ್ದರೆ, ಮಗು ಪ್ರಾಪ್ತವಯಸ್ಕನಾದ ಮೇಲೆ 3 ವರ್ಷ. ಹೀಗೆ ತಿಳಿವಿಗೆ ಅಲ್ಲಲ್ಲಿ ಮನ್ನಣೆ ಇದೆ. ಆದರೆ ಮೈಯೊಳಗೆ ಮೆಲ್ಲನೆ ಬೆಳೆಯುವ ಹಾನಿಗೆ ಕಾಯ್ದೆಯಲ್ಲಿ ಇಂಥ ಸಾಮಾನ್ಯ ನಿಯಮವಿಲ್ಲ. ಕೋಲಾರದ ಚಿನ್ನದ ಗಣಿಯ ಸಿಲಿಕೋಸಿಸ್ ಕಂಡ ನಾಡಿನವರಿಗೆ ಈ ಕೊರತೆಯನ್ನು ಬಿಡಿಸಿ ಹೇಳಬೇಕಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆ ಈ ವಿಷಯದಲ್ಲಿ ಇದಕ್ಕಿಂತ ಜಾಣತನ ತೋರಿತ್ತು: ವೃತ್ತಿರೋಗದಿಂದ ಅಶಕ್ತನಾಗಿ ಕೆಲಸಗಾರ ಸತತವಾಗಿ ಗೈರುಹಾಜರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ತಿಳಿದು, ಅಲ್ಲಿಂದ 2 ವರ್ಷ ಎಣಿಸುತ್ತಿತ್ತು.

ಭೋಗ್ಯದ ಅಡಮಾನದ ಕಥೆಯೂ ಇದೇ ಜಾತಿಯದು. ಸಾಲಕ್ಕೆ ಬದಲಾಗಿ ಜಮೀನನ್ನೇ ಅನುಭವಿಸಲು ಬಿಟ್ಟುಕೊಟ್ಟು, ದುಡ್ಡು ಕೂಡಿದಾಗ ಬಿಡಿಸಿಕೊಳ್ಳುವ ಏರ್ಪಾಡು. ಬಿಡಿಸಿಕೊಳ್ಳಲು 30 ವರ್ಷ. ಪತ್ರವಾದ ದಿನದಿಂದ ಎಣಿಸಿದರೆ ಅಜ್ಜ ಭೋಗ್ಯಕ್ಕಿಟ್ಟ ಗದ್ದೆ ಮೊಮ್ಮಗನ ಕೈಗೆ ಬರುವುದು ಅಸಾಧ್ಯ. 2014ರಲ್ಲಿ ಸುಪ್ರೀಂ ಕೋರ್ಟ್ ಈ ಎಣಿಕೆಯನ್ನು ತಿರುಗಿಸಿತು. ಹಣ ತೀರಿದ ದಿನ, ಬೆಳೆಯಿಂದಲೋ ನಗದಾಗಿಯೋ, ಅಂದಿನಿಂದ 30 ವರ್ಷ. ಅಡಮಾನ ಎಷ್ಟು ಹಳೆಯದಾದರೂ ಅಡಮಾನವೇ, ಕಾಲ ಕಳೆದ ಮಾತ್ರಕ್ಕೆ ಅದು ಕ್ರಯವಾಗದು ಎಂದಿತು. ಅವಧಿ ಒಂದು ದಿನವೂ ಬದಲಾಗಲಿಲ್ಲ, ಬದಲಾದದ್ದು ಮೂರನೆಯ ಕಾಲಂನ ಓದು.

ಅಯೋಧ್ಯೆಯ ಮೊಕದ್ದಮೆಯಲ್ಲೂ ಕಾಲಮಿತಿ ದೊಡ್ಡ ಪ್ರಶ್ನೆಯಾಗಿತ್ತು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಮೂರ್ತಿಗಳನ್ನು ಮಸೀದಿಯೊಳಗೆ ಇಟ್ಟದ್ದು 1949ರ ಡಿಸೆಂಬರ್ 22ರ ರಾತ್ರಿ. ನಿರ್ಮೋಹಿ ಅಖಾಡ ದಾವೆ ಹೂಡಿದ್ದು 1959ರಲ್ಲಿ, ಸುನ್ನಿ ವಕ್ಫ್ ಮಂಡಳಿ 1961ರ ಡಿಸೆಂಬರ್ 18ರಂದು. 12 ವರ್ಷ ತುಂಬಲು ಕೆಲವೇ ದಿನ ಉಳಿದಿದ್ದವು. ಮೊದಲು ಬಂದ ಅಖಾಡದ ದಾವೆ ವಾಯಿದೆ ಮೀರಿದ್ದು, ಆಮೇಲೆ ಬಂದ ಮಂಡಳಿಯದು ವಾಯಿದೆಯೊಳಗಿನದು ಎಂದು 2019ರ ತೀರ್ಪು ಹೇಳಿತು. ಒಂದಕ್ಕೆ 6 ವರ್ಷದ ಬಾಬು ಅನ್ವಯಿಸಿತು, ಇನ್ನೊಂದಕ್ಕೆ 12 ವರ್ಷದ್ದು.

ತಡವಾದರೆ ಕ್ಷಮೆ ಇಲ್ಲವೇ? ಇದೆ, ಆದರೆ ವಿಚಿತ್ರ ರೀತಿಯಲ್ಲಿ. ಮೇಲ್ಮನವಿಗೂ ಅರ್ಜಿಗಳಿಗೂ 5ನೇ ಕಲಮಿನಡಿ ವಿಳಂಬ ಮನ್ನಾ ಕೇಳಬಹುದು. ಮೂಲ ದಾವೆಗೆ ಆ ಸೌಲಭ್ಯವಿಲ್ಲ. ಒಮ್ಮೆ ಕೋರ್ಟು ಕಂಡವನಿಗೆ ಕರುಣೆ, ಮೊದಲ ಸಲ ಬಾಗಿಲು ತಟ್ಟುವವನಿಗೆ ಇಲ್ಲ. ಮೊದಲನೆಯವನ ಪಕ್ಕದಲ್ಲಿ ಆಗಲೇ ವಕೀಲರಿರುತ್ತಾರೆ, ಎರಡನೆಯವನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಈ ವ್ಯವಸ್ಥೆ ತಲೆಕೆಳಗು ಎಂದು ನನಗೆ ಅನ್ನಿಸುತ್ತದೆ. ಈ ಕರುಣೆಯನ್ನು ಹೆಚ್ಚು ಉಂಡದ್ದು ಸರ್ಕಾರ. ಅನಂತನಾಗ್‌ನ ಭೂಸ್ವಾಧೀನ ಪ್ರಕರಣವೊಂದರಲ್ಲಿ 1987ರಲ್ಲಿ, ಬೇಕೆಂದೇ ಯಾರೂ ತಡಮಾಡುವುದಿಲ್ಲ, ಉದಾರವಾಗಿ ನೋಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗಲು ಹಿಡಿದ ದಿನಗಳ ಪಟ್ಟಿಯೇ ಸರ್ಕಾರದ ಖಾಯಂ ಸಬೂಬಾಯಿತು. ಅಂಚೆ ಇಲಾಖೆಯ 2012ರ ಪ್ರಕರಣದಲ್ಲಿ ಕೋರ್ಟಿನ ಧ್ವನಿ ಬದಲಾಯಿತು. ಸರ್ಕಾರಕ್ಕೆ ಪ್ರತ್ಯೇಕ ಅಳತೆಗೋಲು ಇಲ್ಲ ಎಂದಿತು. ಕೋವಿಡ್ ಬಂದಾಗ ಎಲ್ಲರಿಗೂ ಒಟ್ಟಿಗೆ ಮನ್ನಾ ಸಿಕ್ಕಿತು: 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದಲೇ ತೆಗೆದರು.

ಕ್ರಿಮಿನಲ್ ಕಾನೂನಿನಲ್ಲಿ ಅಪರಾಧ ಹಿರಿದಾದಷ್ಟೂ ನೆನಪು ಉದ್ದ. ದಂಡವಷ್ಟೇ ಆದರೆ 6 ತಿಂಗಳು, ಒಂದು ವರ್ಷದವರೆಗಿನ ಸಜೆಯಾದರೆ 1 ವರ್ಷ, ಮೂರು ವರ್ಷದವರೆಗಿನದಾದರೆ 3 ವರ್ಷ, ಅದಕ್ಕೂ ಮೇಲಾದರೆ ಗಡುವೇ ಇಲ್ಲ. ಮೂರು ವರ್ಷದವರೆಗೆ ಸಜೆಯಿರುವ ಗಂಡನ ಮನೆಯ ಕ್ರೌರ್ಯದ ಪ್ರಕರಣಗಳು ಈ ಗೆರೆಯ ಮೇಲೇ ನಿಲ್ಲುತ್ತವೆ. ಸಂಸಾರ ಉಳಿದೀತೆಂದು ಸಹಿಸಿಕೊಂಡ ವರ್ಷಗಳನ್ನು ನಿರ್ಲಕ್ಷ್ಯವೆಂದು ಎಣಿಸಬೇಡಿ ಎಂಬ ಅರ್ಥದ ಮಾತನ್ನು 1993ರಲ್ಲೇ ಸುಪ್ರೀಂ ಕೋರ್ಟ್ ಆಡಿದೆ. ಪ್ರೋನೋಟಿನವನ ದಾಕ್ಷಿಣ್ಯಕ್ಕೆ ಸಿಗದ ಮನ್ನಣೆ ಇಲ್ಲಿ ಸಿಕ್ಕಿತು. ಪಶ್ಚಿಮ ಜರ್ಮನಿಯಲ್ಲಿ ಕೊಲೆಗೆ 20 ವರ್ಷದ ಗಡುವಿತ್ತು. ನಾಜಿ ಹಂತಕರು ಅದರಡಿ ಪಾರಾಗುವ ಹಂತ ಬಂದಾಗ 1965ರಲ್ಲಿ ಎಣಿಕೆಯ ಆರಂಭವನ್ನು 1949ಕ್ಕೆ ಸರಿಸಿದರು, 1969ರಲ್ಲಿ 30 ವರ್ಷ ಮಾಡಿದರು, 1979ರಲ್ಲಿ ಗಡುವನ್ನೇ ಕಿತ್ತುಹಾಕಿದರು. ಆ ಮೂರು ಹೆಜ್ಜೆಯಲ್ಲಿ ಮೊದಲನೆಯದು ಅವಧಿಯನ್ನು ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು.

ಗಡುವನ್ನು ಪೂರ್ತಿ ತೆಗೆದರೆ ಸಮಸ್ಯೆ ಬಗೆಹರಿಯುತ್ತದೆಯೇ? ಕರ್ನಾಟಕದ್ದೇ ಉತ್ತರವಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್, ಅಕ್ರಮವಾಗಿ ಮಾರಾಟವಾದ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಮರಳಿಸಲು ದಾರಿ ಮಾಡಿತ್ತು. ಅರ್ಜಿಗೆ ಗಡುವು ಹೇಳಿರಲಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ, ಗಡುವಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಬರಬೇಕು ಎಂದು, ಸುಮಾರು 25 ವರ್ಷ ಕಳೆದು ಬಂದ ಅರ್ಜಿಯನ್ನು ತಳ್ಳಿಹಾಕಿತು. ಆ ತೀರ್ಪನ್ನು ಹಿಡಿದು ರಾಜ್ಯದ ಅನೇಕ ಪ್ರಕರಣಗಳು ಬಿದ್ದವು, ದಲಿತ ಸಂಘಟನೆಗಳು ಹೋರಾಟಕ್ಕೆ ಇಳಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಯಾವುದೇ ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಅದಾದ ಮೇಲೂ ತಕರಾರು ಕೋರ್ಟುಗಳಲ್ಲಿ ಮುಂದುವರಿದೇ ಇದೆ. ಸಮಂಜಸ ಕಾಲ ಎಂದರೆ ಎಷ್ಟು ಎಂಬುದಕ್ಕಿಂತ, ಮಾರಾಟ ಅಕ್ರಮವೆಂದು ಆ ಕುಟುಂಬಕ್ಕೆ ಯಾರು, ಎಂದು ತಿಳಿಸಿದರು ಎಂದು ಕೇಳಿದ್ದರೆ ವಿಷಯ ಬೇರೆ ದಾರಿ ಹಿಡಿಯುತ್ತಿತ್ತೇನೋ. ಕಾಯ್ದೆಯಡಿ ಸಹಾಯಕ ಆಯುಕ್ತರು ಅರ್ಜಿಗೆ ಕಾಯದೆ ತಾವಾಗಿಯೂ ಕ್ರಮ ಕೈಗೊಳ್ಳಬಹುದಿತ್ತು. ಅವರ ಮೌನದ ವರ್ಷಗಳನ್ನು ಯಾರ ಲೆಕ್ಕಕ್ಕೂ ಹಾಕಲಿಲ್ಲ.

ಆ ಲೆಕ್ಕವನ್ನು ಅಧಿಕಾರಿಯ ಕಡೆಗೆ ತಿರುಗಿಸಿದ ಒಂದು ಪ್ರಯತ್ನ ಮೋಟಾರು ವಾಹನ ಕಾಯ್ದೆಯಲ್ಲಿದೆ. ಅಪಘಾತ ಪರಿಹಾರದ ಅರ್ಜಿಗೆ ಮೊದಲು ಗಡುವಿತ್ತು, 1994ರಲ್ಲಿ ಅದನ್ನು ತೆಗೆದರು. 2019ರ ತಿದ್ದುಪಡಿಯಲ್ಲಿ 6 ತಿಂಗಳ ಗಡುವು ಮತ್ತೆ ಬಂತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ದುಡಿಯುವವನನ್ನೇ ಕಳೆದುಕೊಂಡ ಮನೆಗೆ 6 ತಿಂಗಳೆಂದರೆ ತೀರಾ ಕಡಿಮೆ. ಆದರೆ ಅದೇ ತಿದ್ದುಪಡಿ ತನಿಖೆ ಮಾಡುವ ಪೊಲೀಸ್ ಅಧಿಕಾರಿಗೂ ಒಂದು ಗಡುವು ಹಾಕಿದೆ: 3 ತಿಂಗಳೊಳಗೆ ಅಪಘಾತದ ವಿವರ ವರದಿ ತಯಾರಿಸಿ ಕ್ಲೇಮು ನ್ಯಾಯಮಂಡಳಿಗೆ ಕಳಿಸಬೇಕು, ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಮಂಡಳಿ ಪರಿಗಣಿಸಬೇಕು. ಠಾಣೆ ತನ್ನ ಕೆಲಸ ಮಾಡಿದರೆ ಮನೆಯವರು ವಕೀಲರನ್ನು ಹುಡುಕುವ ಮೊದಲೇ ಅರ್ಜಿ ಮಂಡಳಿ ತಲುಪಿರುತ್ತದೆ. ಠಾಣೆ ಮಾಡದಿದ್ದರೆ ಏನು ಎಂಬುದಕ್ಕೆ ಮಾತ್ರ ಕಾಯ್ದೆಯ ಆ ಕಲಮು ಬಾಯಿ ಬಿಡುವುದಿಲ್ಲ.